ಸ್ಪ್ರಿಂಗ್ ಇಳಿಸೋಕ್ ಮುಂಚೆ ಶಾಕ್ ಕಡೆ ನೋಡಿ

ಸ್ಪೋರ್ಟ್ಸ್ ಕಾರ್ ತಗೊಂಡು ಸ್ವಲ್ಪ ದಿನ ಓಡ್ಸಿದ್ಮೇಲೆ ನನ್ನ ಹತ್ರ ಬರೋ ಹೆಚ್ಚಿನವರು ಕೇಳೋ ಮೊದಲ್ನೇ ಪ್ರಶ್ನೆ ಒಂದೇ, ಗಾಡಿ ಎತ್ತರ ಎಷ್ಟು ಎಂಎಂ ಇಳಿಸ್ಬಹುದು ಅಂತ. ಸ್ಪ್ರಿಂಗ್ ಕಿಟ್ ಡಬ್ಬದ ಮೇಲೂ ಅದೇ ನಂಬರ್ ದೊಡ್ಡದಾಗಿ ಬರ್ದಿರತ್ತೆ, ಹಾಗಾಗಿ ಕೇಳೋರ ತಪ್ಪೇನಿಲ್ಲ. ಆದ್ರೆ ಗಾಡಿ ಚೆನ್ನಾಗಿ ತಿರುಗ್ಬೇಕು, ರೋಡ್ ಹಿಡಿಬೇಕು ಅನ್ನೋದು ನಿಜವಾದ ಉದ್ದೇಶ ಆಗಿದ್ರೆ ಆ ನಂಬರ್ ಕೊನೇಲಿ ತೀರ್ಮಾನ ಆಗ್ಬೇಕಾದ್ದು. ಮೊದ್ಲು ಚಕ್ರ ಮೇಲಕ್ಕೆ ಹೋಗೋಕೆ ಎಷ್ಟು ಜಾಗ ಉಳಿಯತ್ತೆ ನೋಡ್ಬೇಕು, ಆಮೇಲೆ ಹೊಸ ಸ್ಪ್ರಿಂಗನ್ನ ಹಿಡಿದು ನಿಲ್ಲಿಸೋ ತಾಕತ್ತು ಶಾಕ್‌ಗೆ (ಸ್ಪ್ರಿಂಗ್ ಕುಣಿತ ತಡೆಯೋ ಶಾಕ್ ಅಬ್ಸಾರ್ಬರ್) ಇದೆಯಾ ನೋಡ್ಬೇಕು, ಆಮೇಲೆ ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನೋದು. ಎತ್ತರ ಇವೆಲ್ಲ ಆದ್ಮೇಲೆ.

ಜಾಗದಿಂದಾನೇ ಶುರು ಮಾಡೋಣ. ಗಾಡಿ ನೆಲದ ಮೇಲೆ ಸುಮ್ನೆ ನಿಂತಿರೋವಾಗ ಶಾಕ್ ರಾಡ್ ಅರ್ಧದಷ್ಟು ಒಳಗೆ ಹೋಗಿರತ್ತೆ, ಅಲ್ಲಿಂದ ಬಂಪ್ ಸ್ಟಾಪ್ (ಕೊನೇಲಿ ತಡೆಯೋ ಮೆತ್ತೆ) ತಾಗೋವರೆಗೆ ಉಳಿದಿರೋ ದೂರಾನೇ ನಿಮ್ಮ ಬಂಡವಾಳ. ಕಂಪನಿ ಶಾಕ್ ಹಾಗೇ ಇಟ್ಕೊಂಡು ಬರೀ ಸ್ಪ್ರಿಂಗ್ ಬದಲಾಯಿಸಿ ಗಾಡಿ ಇಳಿಸಿದ್ರೆ ಆ ಇಳಿಸಿದ ಅಷ್ಟೂ ಎಂಎಂ ಇದೇ ಬಂಡವಾಳದಿಂದ ಹೋಗತ್ತೆ. ಉದಾಹರಣೆಗೆ 60 ಎಂಎಂ ಇತ್ತು ಅಂದ್ಕೊಳ್ಳಿ, 20 ಇಳಿಸಿದ್ರಿ, 40 ಉಳೀತು. ರಸ್ತೆ ಉಬ್ಬಿಗೆ ಚಕ್ರ ಎಗರಿದಾಗ ಮೊದಲು 60 ಎಂಎಂನಲ್ಲಿ ನುಂಗ್ತಾ ಇದ್ದ ಶಕ್ತೀನ ಈಗ 40ರಲ್ಲಿ ನುಂಗ್ಬೇಕು. ನಿಂತ ಎತ್ತರದಿಂದ ಮುಂದಕ್ಕೆ ಸ್ಪ್ರಿಂಗ್ ನುಂಗೋ ಶಕ್ತಿ ದೂರದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ, ಆದ್ರಿಂದ ಶಾಕ್ ತಿನ್ನೋ ಪಾಲನ್ನ ಪಕ್ಕಕ್ಕಿಟ್ರೆ ಸ್ಪ್ರಿಂಗ್ 2.25 ಪಟ್ಟು ಗಟ್ಟಿ ಆಗ್ಬೇಕು. ರಸ್ತೆಗೆ ಅಂತ ಮಾರೋ ಲೋವರಿಂಗ್ ಸ್ಪ್ರಿಂಗ್‌ಗಳು ಅಷ್ಟೊಂದು ಗಟ್ಟಿ ಇರಲ್ಲ, ಇದ್ರೆ ಯಾರೂ ದಿನಾ ಅದ್ರಲ್ಲಿ ಓಡಾಡೋಕಾಗಲ್ಲ. ಅಂದ್ರೆ ಉಳಿದ ಕೆಲಸ ಬಂಪ್ ಸ್ಟಾಪ್ ಪಾಲಿಗೆ ಬೀಳತ್ತೆ.

ಬಂಪ್ ಸ್ಟಾಪ್ ತಾಗೋದೇ ತಪ್ಪು ಅಂತ ಹೇಳ್ತಿಲ್ಲ. ಈಗಿನ ಗಾಡಿಗಳಲ್ಲಿ ಅದು ಪಾಲಿಯುರೆಥೇನ್ ಫೋಮ್‌ದು, ನಿಧಾನಕ್ಕೆ ಗಟ್ಟಿ ಆಗೋ ಹಾಗೆ ಮಾಡಿರ್ತಾರೆ, ಕಂಪನಿಯವರೇ ಅದನ್ನ ಎರಡನೇ ಸ್ಪ್ರಿಂಗ್ ತರ ಬಳಸ್ತಾರೆ. ತೊಂದರೆ ಬರೋದು ಅದು ತಿರುವಿನ ಮಧ್ಯದಲ್ಲಿ ತಾಗಿದಾಗ. ಹೊರಗಿನ ಮುಂದಿನ ಚಕ್ರ ಸ್ಟಾಪ್ ಮೇಲೆ ಕೂತ್ಕೊಂಡ್ರೆ ಆ ಮೂಲೆ ಒಮ್ಮೆಲೇ ಗಟ್ಟಿ ಆಗಿ ಗಾಡಿ ಮೂಗು ಹೊರಕ್ಕೆ ಜಾರತ್ತೆ, ಹಿಂದಿನ ಚಕ್ರ ಕೂತ್ರೆ ಇನ್ನೂ ಅಪಾಯ, ಹಿಂಭಾಗ ಹೇಳದೆ ಕೇಳದೆ ಕಿತ್ಕೊಂಡು ಹೋಗತ್ತೆ. ಡ್ರೈವರ್‌ಗೆ ಅನ್ಸೋದು ಟೈರ್ ಗ್ರಿಪ್ ಕಮ್ಮಿ ಅಂತ, ಅವ್ರು ಹೋಗಿ ಟೈರ್ ಬದಲಾಯಿಸ್ತಾರೆ, ಮತ್ತೆ ಅದೇ ಕತೆ.

ಇದನ್ನ ನೋಡೋಕೆ ದೊಡ್ಡ ಸಲಕರಣೆ ಏನೂ ಬೇಡ. ಒಂದು ಸಣ್ಣ ಕೇಬಲ್ ಟೈ ತಗೊಂಡು ಶಾಕ್ ರಾಡ್ ಸುತ್ತ ಬಿಗಿ ಮಾಡಿ, ಕೈಯಲ್ಲಿ ತಳ್ಳಿದ್ರೆ ಸರಿಯೋ ಅಷ್ಟು ಬಿಗಿ ಸಾಕು, ಕೆಳಗೆ ಶಾಕ್ ಬಾಡಿ ಮೇಲೆ ಕೂರೋ ಹಾಗೆ ಜರುಗಿಸಿ. ಧೂಳಿನ ಬೂಟ್ ಇದ್ರೆ ಮೇಲಕ್ಕೆ ಮಡಚಿ ಇಡಿ. ನೀವು ಯಾವಾಗ್ಲೂ ಹೋಗೋ ರಸ್ತೇಲಿ ಯಾವಾಗ್ಲೂ ಓಡ್ಸೋ ತರಾನೇ ಓಡ್ಸಿ ಬನ್ನಿ. ಶಾಕ್ ಎಷ್ಟು ಒಳಗೆ ಹೋಗಿತ್ತೋ ಅಲ್ಲಿವರೆಗೂ ಟೈ ತಳ್ಳಿಸ್ಕೊಂಡು ಹೋಗಿ ನಿಂತಿರತ್ತೆ. ಅದಕ್ಕೂ ಬಂಪ್ ಸ್ಟಾಪ್‌ಗೂ ನಡುವೆ ಉಳಿದಿರೋದನ್ನ ಅಳೀರಿ. ಡಬಲ್ ವಿಶ್‌ಬೋನ್ (ಚಕ್ರಾನ ಮೇಲೊಂದು ಕೆಳಗೊಂದು ಆರ್ಮ್ ಹಿಡಿಯೋ) ಗಾಡಿ ಆದ್ರೆ ರಾಡ್ ಮೇಲಿನ 10 ಎಂಎಂ ಅಂದ್ರೆ ಚಕ್ರದ ಹತ್ರ 15 ಎಂಎಂ ಇದ್ರೂ ಇರಬಹುದು, ಅದನ್ನ ಮರೀಬೇಡಿ. ಇನ್ನೂ ಕಂಪನಿ ಎತ್ತರದಲ್ಲಿ ಇರೋವಾಗ್ಲೇ ಟೈ ಸ್ಟಾಪ್ ಹತ್ರ ಬಂದಿದ್ರೆ, ಅದೇ ಶಾಕ್ ಇಟ್ಕೊಂಡು 30 ಇಳಿಸೋ ಮಾತನ್ನ ಬಿಟ್ಬಿಡಿ, ನಾನಂತೂ ಹಾಕಿಕೊಡಲ್ಲ.

ಇನ್ನು ಇಳಿಸೋದ್ರಿಂದ ಸಿಗೋದು ಎಷ್ಟು? ಲೆಕ್ಕ ಹಾಕೋಣ. 1400 ಕೆಜಿ ಗಾಡಿ, ಗುರುತ್ವ ಕೇಂದ್ರ ನೆಲದಿಂದ 500 ಎಂಎಂ ಎತ್ತರ, ಟ್ರ್ಯಾಕ್ ಅಗಲ (ಎಡ ಬಲ ಚಕ್ರಗಳ ನಡುವಿನ ಅಂತರ) 1550 ಎಂಎಂ, ತಿರುವಲ್ಲಿ 1 ಜಿ (ಗಾಡಿ ತೂಕದಷ್ಟೇ ಅಡ್ಡ ಬಲ) ಬಿತ್ತು ಅಂದ್ಕೊಳ್ಳಿ. ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಹೋಗೋ ಭಾರ ಸುಮಾರು 452 ಕೆಜಿ. 25 ಎಂಎಂ ಇಳಿಸಿದ್ರೆ 429. ಅಂದ್ರೆ 5 ಪರ್ಸೆಂಟ್, ಅದೂ ಇಡೀ ಗಾಡಿ ಇಳೀತು ಅಂತ ಹಿಡಿದ್ರೆ, ನಿಜವಾಗಿ ಚಕ್ರ, ಬ್ರೇಕ್ ಎಲ್ಲ ಅಲ್ಲೇ ಇರೋದ್ರಿಂದ ಇನ್ನೂ ಸ್ವಲ್ಪ ಕಮ್ಮಿ. ಲಾಭ ಇದೆ, ಖಂಡಿತ ಇದೆ, ಆದ್ರೆ ಜನ ಅಂದ್ಕೊಂಡಿರೋವಷ್ಟಿಲ್ಲ. ಇಳಿಸಿದ ದಿನ ಗಾಡಿ ಬೇರೇನೇ ಆಯ್ತು ಅಂತ ಅನ್ಸೋದಕ್ಕೆ ಹೆಚ್ಚಿನ ಕಾರಣ ಸ್ಪ್ರಿಂಗ್ ಗಟ್ಟಿಯಾಗಿ ಬಾಡಿ ವಾಲೋದು ಕಮ್ಮಿ ಆಗಿರೋದು.

ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಕೆಳಗೆ ಒಂದೇ ಆರ್ಮ್, ಮೇಲೆ ಶಾಕೇ ಚಕ್ರಾನ ಹಿಡಿಯೋ ವ್ಯವಸ್ಥೆ) ಇರೋ ಗಾಡಿಗಳಲ್ಲಿ ಇಳಿಸೋದಕ್ಕೆ ತೆರೋ ಬೆಲೆಯೂ ಇದೆ. ಕಂಪನಿಯಿಂದ ಬಂದಾಗ ಲೋವರ್ ಆರ್ಮ್ ಹೊರಗಡೆಗೆ ಸ್ವಲ್ಪ ಕೆಳಗೆ ಬಾಗಿರತ್ತೆ, ಜಾಸ್ತಿ ಇಳಿಸಿದಾಗ ಅದು ಮಟ್ಟಸ ಆಗಿ, ಅದಕ್ಕಿಂತ ಇಳಿಸಿದ್ರೆ ಹೊರತುದಿ ಮೇಲಕ್ಕೆ ತಿರುಗತ್ತೆ. ಆಗ ಎರಡು ತೊಂದರೆ ಒಟ್ಟಿಗೆ ಬರತ್ತೆ. ಗುರುತ್ವ ಕೇಂದ್ರ ಇಳಿದಿದ್ದಕ್ಕಿಂತ ಜಾಸ್ತಿ ರೋಲ್ ಸೆಂಟರ್ (ಬಾಡಿ ಯಾವ ಬಿಂದು ಸುತ್ತ ವಾಲತ್ತೋ ಅದು) ಇಳೀತು, ಇವೆರಡರ ನಡುವಿನ ಅಂತರಾನೇ ಬಾಡಿನ ವಾಲಿಸೋ ಸನ್ನೆ, ಅದು ಉದ್ದ ಆಯ್ತು, ಅಂದ್ರೆ ಇಳಿಸಿದ ಗಾಡಿ ಅದೇ ಸ್ಪ್ರಿಂಗ್ ಗಟ್ಟಿತನದಲ್ಲಿ ಮೊದಲಿಗಿಂತ ಜಾಸ್ತಿ ವಾಲತ್ತೆ. ಜೊತೆಗೆ ಚಕ್ರ ಮೇಲೆ ಹೋದಾಗ ಸಿಗ್ಬೇಕಿದ್ದ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲೋದು) ಸಿಗದೆ ಟೈರ್ ಹೊರ ಅಂಚಿನ ಮೇಲೆ ಹೊರಳತ್ತೆ. ಇದಕ್ಕೆ ಉದ್ದನೆ ಪಿನ್ ಇರೋ ಬಾಲ್ ಜಾಯಿಂಟ್ ಸಿಗತ್ತೆ ಕೆಲವು ಗಾಡಿಗಳಿಗೆ, ಆರ್ಮ್ ಕೋನಾನ ವಾಪಸ್ ತರತ್ತೆ, ಹಾಕೋದಾದ್ರೆ ಸ್ಟೇರಿಂಗ್ ಟೈ ರಾಡ್ ಕೋನಾನೂ ಜೊತೆಗೇ ಸರಿ ಮಾಡ್ಬೇಕು, ಇಲ್ಲಾಂದ್ರೆ ಉಬ್ಬಿಗೆ ಬಿದ್ದಾಗೆಲ್ಲ ಚಕ್ರ ತಾನಾಗೇ ತಿರುಗತ್ತೆ. ಟೊಯೋಟಾ ಜಿಆರ್86, ಸುಬಾರು ಬಿಆರ್‌ಝಡ್ ಇವೆಲ್ಲ ಮುಂದೆ ಸ್ಟ್ರಟ್ ಗಾಡಿಗಳೇ. ಮಝ್ದಾ ಎಂಎಕ್ಸ್-5 ಮುಂದೆ ವಿಶ್‌ಬೋನ್, ಹಾಗಾಗಿ ಅದು ಇಳಿಸೋದನ್ನ ಇನ್ನೂ ಚೆನ್ನಾಗಿ ತಡ್ಕೊಳ್ಳತ್ತೆ. ಪೋರ್ಷೆಯವ್ರು 911ರ 992 ಪೀಳಿಗೆಯ ಜಿಟಿ3ಗೆ ಸ್ಟ್ರಟ್ ತೆಗೆದು ಮುಂದೆ ಡಬಲ್ ವಿಶ್‌ಬೋನ್ ಹಾಕಿದ್ದು ಸುಮ್ನೆ ಅಲ್ಲ. ಸ್ಟ್ರಟ್ ಗಾಡಿಗೆ 15ರಿಂದ 25 ಎಂಎಂ ಸಾಕು ಅಂತ ನನ್ನ ಅಭಿಪ್ರಾಯ.

ಸ್ಪ್ರಿಂಗ್ ಆಯ್ಕೆಗೆ ಬರೋಣ. ಮಾರೋರನ್ನ ಕೇಳ್ಬೇಕಾದ್ದು ರೇಟ್ (ಬೆಲೆ ಅಲ್ಲ, ಸ್ಪ್ರಿಂಗ್ ಗಟ್ಟಿತನ) ಎಷ್ಟು ಅಂತ, ನ್ಯೂಟನ್ ಪರ್ ಎಂಎಂ ಅಥವಾ ಕೆಜಿ ಪರ್ ಎಂಎಂ, ಯಾವುದ್ರಲ್ಲಾದ್ರೂ ಹೇಳ್ಲಿ, 1 ಕೆಜಿ ಅಂದ್ರೆ 9.81 ನ್ಯೂಟನ್. ಆ ನಂಬರನ್ನ ಬೇರೆ ಗಾಡಿ ಜೊತೆ ನೇರವಾಗಿ ಹೋಲಿಸಬೇಡಿ, ಯಾಕಂದ್ರೆ ಚಕ್ರದ ಹತ್ರ ಸಿಗೋ ಗಟ್ಟಿತನ ಮೋಷನ್ ರೇಶಿಯೋದ (ಚಕ್ರ 1 ಎಂಎಂ ಎದ್ರೆ ಸ್ಪ್ರಿಂಗ್ ಎಷ್ಟು ಎಂಎಂ ಕುಗ್ಗತ್ತೆ ಅನ್ನೋದು) ವರ್ಗಕ್ಕೆ ತಕ್ಕ ಹಾಗೆ ಕಮ್ಮಿ ಆಗತ್ತೆ. 60 ನ್ಯೂಟನ್ ಸ್ಪ್ರಿಂಗ್ 0.95 ರೇಶಿಯೋ ಇರೋ ಸ್ಟ್ರಟ್‌ನಲ್ಲಿ ಚಕ್ರಕ್ಕೆ 54 ಕೊಡತ್ತೆ, ಅದೇ ಸ್ಪ್ರಿಂಗ್ 0.65 ಇರೋ ವಿಶ್‌ಬೋನ್‌ನಲ್ಲಿ ಬರೀ 25. ನಾನು ನೋಡೋದು ಫ್ರೀಕ್ವೆನ್ಸಿ, ಅಂದ್ರೆ ಆ ಮೂಲೆ ಸೆಕೆಂಡಿಗೆ ಎಷ್ಟು ಸಲ ಕುಣಿಯತ್ತೆ ಅನ್ನೋದು. ಆ ಮೂಲೇಲಿ ಸ್ಪ್ರಿಂಗ್ ಮೇಲೆ 320 ಕೆಜಿ ಇದ್ದು ಚಕ್ರದ ರೇಟ್ 25 ಇದ್ರೆ 1.4 ಹರ್ಟ್ಜ್, 35 ಮಾಡಿದ್ರೆ 1.66. ಸಾಮಾನ್ಯ ಗಾಡಿ 1ರಿಂದ 1.5ರ ಒಳಗೆ ಇರತ್ತೆ, ರಸ್ತೇಲಿ ಓಡೋ ಸ್ಪೋರ್ಟ್ಸ್ ಕಾರ್‌ಗೆ 1.5ರಿಂದ 2 ಒಳ್ಳೆ ಜಾಗ, ಅದಕ್ಕಿಂತ ಮೇಲೆ ಹೋದ್ರೆ ಟ್ರ್ಯಾಕ್‌ನಂತ ನುಣುಪು ರಸ್ತೆ ಬೇಕು, ಇಲ್ಲಾಂದ್ರೆ ಟೈರ್ ನೆಲ ಬಿಟ್ಟು ಎಗರ್ತಾ ಇರತ್ತೆ, ನೆಲ ಬಿಟ್ಟ ಟೈರ್‌ಗೆ ಗ್ರಿಪ್ ಎಲ್ಲಿಂದ ಬರ್ಬೇಕು. ಹಿಂದಿನ ಫ್ರೀಕ್ವೆನ್ಸಿ ಮುಂದಿನದಕ್ಕಿಂತ ಸ್ವಲ್ಪ ಜಾಸ್ತಿ ಇದ್ರೆ ಉಬ್ಬು ದಾಟಿದ ಮೇಲೆ ಗಾಡಿ ತಲೆ ಆಡಿಸೋದು ಬೇಗ ನಿಲ್ಲತ್ತೆ, ಇದನ್ನ ಮಾರಿಸ್ ಆಲಿ ಅನ್ನೋ ಇಂಜಿನಿಯರ್ ಜನರಲ್ ಮೋಟಾರ್ಸ್‌ನಲ್ಲಿದ್ದಾಗ 1930ರ ದಶಕದಲ್ಲೇ ತೋರಿಸಿಕೊಟ್ಟಿದ್ದು. ಹಾಗಂತ ಹಿಂದೆ ಮಾತ್ರ ಗಟ್ಟಿ ಮಾಡ್ತಾ ಹೋದ್ರೆ ರಿಯರ್ ವೀಲ್ ಡ್ರೈವ್ ಗಾಡಿ ತಿರುವಿಂದ ಹೊರಗೆ ಬರೋವಾಗ ಹಿಡಿತ ಕಳ್ಕೊಳ್ಳತ್ತೆ. ಮುಂದೆ ಹಿಂದೆ ಎರಡನ್ನೂ ಒಬ್ಬರೇ ಸೇರಿಸಿ ಟ್ಯೂನ್ ಮಾಡಿರೋ ಸೆಟ್ ತಗೊಳ್ಳಿ.

ಪ್ರೋಗ್ರೆಸಿವ್ ಸ್ಪ್ರಿಂಗ್ (ಕುಗ್ಗಿದಷ್ಟೂ ಗಟ್ಟಿ ಆಗೋದು) ರಸ್ತೆಗೆ ಪರವಾಗಿಲ್ಲ, ಲೀನಿಯರ್ (ಉದ್ದಕ್ಕೂ ಒಂದೇ ಗಟ್ಟಿತನ) ಆದ್ರೆ ತಿರುವಲ್ಲಿ ಏನಾಗ್ತಿದೆ ಅನ್ನೋದು ಕೈಗೆ ನೇರವಾಗಿ ಗೊತ್ತಾಗತ್ತೆ, ನನಗೆ ಅದೇ ಇಷ್ಟ. ಸ್ಪ್ರಿಂಗ್ ಕತ್ತರಿಸೋ ವಿಷ್ಯ ಮಾತ್ರ ಬೇಡವೇ ಬೇಡ. ಸುತ್ತು ಕಮ್ಮಿ ಆದ್ರೆ ಗಟ್ಟಿ ಆಗತ್ತೆ ಅನ್ನೋದು ನಿಜ, ಆದ್ರೆ ತುದಿ ಸೀಟಲ್ಲಿ ಸರಿಯಾಗಿ ಕೂರಲ್ಲ, ಚಕ್ರ ಪೂರ್ತಿ ಕೆಳಗೆ ನೇತಾಡಿದಾಗ ಸ್ಪ್ರಿಂಗ್ ಜಾಗ ಬಿಟ್ಟು ಹೊರಗೆ ಬರಬಹುದು, ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದ್ರೆ ಬಿಸಿಗೆ ಆ ಉಕ್ಕಿನ ಹದಾನೇ ಕೆಟ್ಟಿರತ್ತೆ.

ಈಗ ಶಾಕ್, ನನ್ನ ಪ್ರಕಾರ ದುಡ್ಡು ಹಾಕ್ಬೇಕಾದ ಜಾಗ ಇದೇನೇ. ಮೇಲೆ ಹೇಳಿದ ಹಾಗೆ 25 ಇದ್ದದ್ದನ್ನ 35 ಮಾಡಿದ್ರೆ, ಅದೇ ಹದದಲ್ಲಿ ಕುಣಿತ ನಿಲ್ಲಿಸೋಕೆ ಶಾಕ್ 18 ಪರ್ಸೆಂಟ್ ಜಾಸ್ತಿ ಬಲ ಕೊಡ್ಬೇಕು. ಹಳೇ ಶಾಕೇ ಇದ್ರೆ 0.30 ಇದ್ದ ಡ್ಯಾಂಪಿಂಗ್ ರೇಶಿಯೋ (ಕುಣಿತ ಎಷ್ಟು ಬೇಗ ಅಡಗತ್ತೆ ಅನ್ನೋ ಅಳತೆ) 0.25ಕ್ಕೆ ಇಳಿಯತ್ತೆ, ಅದೂ ಶಾಕ್ ಹೊಸದಾಗಿದ್ರೆ, ಸವೆದ ಶಾಕ್ ಆದ್ರೆ ಕೇಳ್ಲೇಬೇಡಿ. ಗಾಡಿ ಗಟ್ಟಿ ಅನ್ಸತ್ತೆ ಆದ್ರೆ ಪ್ರತಿ ಉಬ್ಬಿನ ನಂತರ ಒಂದು ಕುಣಿತ ಜಾಸ್ತಿ, ವೇಗದ ತಿರುವಲ್ಲಿ ತೇಲ್ತಾ ಇರೋ ಹಾಗೆ. ಲೋಟಸ್ ಎಲೀಸ್ ಓಡ್ಸಿದವ್ರಿಗೆ ಇದು ಅರ್ಥ ಆಗತ್ತೆ, ಅದ್ರಲ್ಲಿ ಸ್ಪ್ರಿಂಗ್ ಅಷ್ಟೇನೂ ಗಟ್ಟಿ ಇಲ್ಲ, ಡ್ಯಾಂಪಿಂಗ್ ಚೆನ್ನಾಗಿದೆ, ಹಾಳು ರಸ್ತೇಲೂ ಟೈರ್ ನೆಲಕ್ಕೆ ಅಂಟ್ಕೊಂಡಿರತ್ತೆ.

ಶಾಕ್ ಅನ್ನೋದು ವೇಗಕ್ಕೆ ಉತ್ತರ ಕೊಡೋ ಸಾಮಾನು. ರಾಡ್ ನಿಧಾನವಾಗಿ ಚಲಿಸೋವಾಗ, ಸೆಕೆಂಡಿಗೆ 50ರಿಂದ 100 ಎಂಎಂ ಒಳಗೆ, ಬಾಡಿ ವಾಲೋದು, ಬ್ರೇಕ್ ಹಾಕಿದಾಗ ಮೂಗು ತಗ್ಗೋದು, ಸ್ಟೇರಿಂಗ್ ತಿರುಗಿಸಿದ ತಕ್ಷಣದ ಪ್ರತಿಕ್ರಿಯೆ ಇವೆಲ್ಲ ಇರೋದು. ಗುಂಡಿ, ಜಾಯಿಂಟ್ ಬಡಿಯೋದೆಲ್ಲ ಅದಕ್ಕಿಂತ ಮೇಲಿನ ವೇಗ. ಒಳ್ಳೆ ಶಾಕ್ ಕೆಳಗಿನ ವೇಗದಲ್ಲಿ ಗಟ್ಟಿ ಹಿಡಿದು ಮೇಲಿನ ವೇಗದಲ್ಲಿ ಬಿಟ್ಟುಕೊಡತ್ತೆ, ಅಗ್ಗದ್ದು ಎರಡರಲ್ಲೂ ಒಂದೇ ತರ ಏರ್ತಾ ಹೋಗತ್ತೆ, ಅದಕ್ಕೇ ಸಣ್ಣ ಗುಂಡಿಗೂ ಬೆನ್ನು ನೋಯತ್ತೆ, ತಿರುವಲ್ಲೂ ಸುಖ ಇಲ್ಲ. ಡೈನೋ ಗ್ರಾಫ್ (ಯಾವ ವೇಗಕ್ಕೆ ಶಾಕ್ ಎಷ್ಟು ಬಲ ಕೊಡತ್ತೆ ಅನ್ನೋ ಪರೀಕ್ಷೆ ನಕ್ಷೆ) ಕೊಡ್ತೀವಿ ಅನ್ನೋ ತಯಾರಕರು ಇದ್ರೆ ಅವ್ರ ಕಡೆ ನನ್ನ ಒಲವು ಜಾಸ್ತಿ.

ರಿಬೌಂಡ್ (ಕುಗ್ಗಿದ ಶಾಕ್ ವಾಪಸ್ ಉದ್ದ ಆಗೋವಾಗಿನ ತಡೆ) ಜಾಸ್ತಿ ಬಿಗಿ ಮಾಡಿದ್ರೆ ಒಳ್ಳೇದು ಅನ್ನೋ ನಂಬಿಕೆ ತುಂಬಾ ಜನರಲ್ಲಿದೆ. ಅತಿ ಬಿಗಿ ಆದಾಗ ಏನಾಗತ್ತೆ ಅಂದ್ರೆ ಮೊದಲ ಉಬ್ಬಿಗೆ ಒಳಗೆ ಹೋದ ಚಕ್ರ ವಾಪಸ್ ಇಳಿಯೋಕ್ ಮುಂಚೆ ಎರಡನೇ ಉಬ್ಬು ಬರತ್ತೆ, ಮೂರನೇದು ಬರತ್ತೆ, ಸಾಲಾಗಿ ಉಬ್ಬಿರೋ ರಸ್ತೇಲಿ ಗಾಡಿ ಹಂತ ಹಂತವಾಗಿ ಕುಗ್ಗಿ ಬಂಪ್ ಸ್ಟಾಪ್ ಮೇಲೆ ಬಂದು ಕೂರತ್ತೆ. ಆಮೇಲೆ ಮೊದಲೇ ಹೇಳಿದ ಕತೆ.

ಶಾಕ್ ಮೋನೋಟ್ಯೂಬಾ (ಒಂದೇ ಕೊಳವೆ) ಟ್ವಿನ್ ಟ್ಯೂಬಾ (ಕೊಳವೆಯೊಳಗೊಂದು ಕೊಳವೆ) ಅನ್ನೋದಕ್ಕೆ ನಾನು ಜಾಸ್ತಿ ತಲೆ ಕೆಡಿಸ್ಕೊಳ್ಳಲ್ಲ. ಮೋನೋಟ್ಯೂಬ್ ಬಿಸಿ ಬೇಗ ಹೊರಗೆ ಹಾಕತ್ತೆ, ಎಣ್ಣೆ ನೊರೆ ಆಗಲ್ಲ, ಟ್ರ್ಯಾಕ್‌ಗೆ ಅದೇ ಸರಿ, ಆದ್ರೆ ಚೆನ್ನಾಗಿ ಮಾಡಿರೋ ಟ್ವಿನ್ ಟ್ಯೂಬ್ ಕೆಟ್ಟ ಮೋನೋಟ್ಯೂಬ್‌ಗಿಂತ ಎಷ್ಟೋ ಮೇಲು. ಮುಖ್ಯವಾದ್ದು ಉದ್ದ. ಇಳಿಸಿದ ಗಾಡಿಗೆ ಗಿಡ್ಡ ಶಾಕ್ ಬೇಕು, ಬಿಲ್‌ಸ್ಟೀನ್‌ನಲ್ಲಿ ಬಿ6 ಕಂಪನಿ ಎತ್ತರಕ್ಕೆ, ಬಿ8 ಇಳಿಸಿದ ಎತ್ತರಕ್ಕೆ, ಎರಡನ್ನ ಅದಲು ಬದಲು ಮಾಡಿ ತಗೊಳ್ಳೋರನ್ನ ನೋಡ್ತಾನೇ ಇರ್ತೀನಿ. ಕೋನಿ ಹಳದಿ ಶಾಕ್‌ನಲ್ಲಿ ಅಡ್ಜಸ್ಟ್ ಆಗೋದು ರಿಬೌಂಡ್ ಮಾತ್ರ, ಕಂಪ್ರೆಶನ್ (ಶಾಕ್ ಕುಗ್ಗೋವಾಗಿನ ತಡೆ) ಅಲ್ಲ, ಅದು ಗೊತ್ತಿದ್ರೆ ಸ್ಕ್ರೂ ತಿರುಗಿಸೋವಾಗ ಏನು ನಿರೀಕ್ಷೆ ಮಾಡ್ಬೇಕು ಅನ್ನೋದೂ ಗೊತ್ತಾಗತ್ತೆ. ಕಾಯಿಲ್‌ಓವರ್ (ಎತ್ತರ ಬದಲಾಯಿಸೋಕಾಗೋ ಸ್ಪ್ರಿಂಗ್-ಶಾಕ್ ಜೋಡಿ) ತಗೊಳ್ಳೋದಾದ್ರೆ ಎತ್ತರವನ್ನ ಕೆಳಗಿನ ಬ್ರ್ಯಾಕೆಟ್‌ನಲ್ಲಿ ಬದಲಾಯಿಸೋಕಾಗೋದು ಒಳ್ಳೇದು, ಶಾಕ್ ಚಲಿಸೋ ಜಾಗ ಉಳಿಯತ್ತೆ. ಅಗ್ಗದ ಕಾಯಿಲ್‌ಓವರ್‌ಗಿಂತ ಒಳ್ಳೆ ಶಾಕ್ ಮತ್ತು ಅದಕ್ಕೆ ಹೊಂದೋ ಸಾದಾ ಸ್ಪ್ರಿಂಗ್ ಸೆಟ್ಟೇ ನನ್ನ ಆಯ್ಕೆ.

ಕೂರಿಸೋವಾಗ ಒಂದು ಕೆಲಸ ಎಷ್ಟೋ ಕಡೆ ತಪ್ಪಾಗತ್ತೆ. ಲೋವರ್ ಆರ್ಮ್ ಬುಷ್‌ಗಳಲ್ಲಿ ರಬ್ಬರ್ ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿರತ್ತೆ, ಅದು ಸುತ್ತಲ್ಲ, ತಿರುಚ್ಕೊಳ್ಳತ್ತೆ. ಗಾಡಿ ಲಿಫ್ಟ್ ಮೇಲೆ ಚಕ್ರ ನೇತಾಡ್ತಾ ಇರೋವಾಗ್ಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿದ್ರೆ, ನೆಲಕ್ಕೆ ಇಳಿಸಿದ ತಕ್ಷಣ ಆ ರಬ್ಬರ್ ತಿರುಚ್ಕೊಂಡೇ ಕೂತಿರತ್ತೆ, ಎತ್ತರ ಸರಿಯಾಗಿ ಬರಲ್ಲ, ಬೇಗ ಹರಿಯತ್ತೆ. ಬೋಲ್ಟ್ ಸಡಿಲ ಇಟ್ಟು ಚಕ್ರಕ್ಕೆ ಭಾರ ಕೊಟ್ಟು, ನಿಲ್ಲೋ ಎತ್ತರದಲ್ಲೇ ಟಾರ್ಕ್ ಮಾಡ್ಬೇಕು. ಎತ್ತರ ಅಳಿಯೋದು ಹಬ್ ಮಧ್ಯದಿಂದ ಫೆಂಡರ್ ಅಂಚಿಗೆ, ನೆಲದಿಂದ ಅಳೆದ್ರೆ ಟೈರ್ ಸವೆತ, ಗಾಳಿ ಎಲ್ಲ ಲೆಕ್ಕಕ್ಕೆ ಸೇರ್ಕೊಳ್ಳತ್ತೆ. ಟಾಪ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಬೂಟ್ ಇವನ್ನ ಹಳೇದೇ ಹಾಕ್ಬೇಡಿ, ಮತ್ತೆ ಬಿಚ್ಚೋ ಕೂಲಿ ಅದಕ್ಕಿಂತ ಜಾಸ್ತಿ. ಎಲೆಕ್ಟ್ರಾನಿಕ್ ಶಾಕ್ ಇರೋ ಗಾಡಿ ಆದ್ರೆ ಮೊದಲೇ ಅದಕ್ಕೆ ಹೊಂದೋ ಮಾಡ್ಯೂಲ್ ಇದೆಯಾ ವಿಚಾರಿಸಿ, ಇಲ್ಲಾಂದ್ರೆ ಡ್ಯಾಶಲ್ಲಿ ವಾರ್ನಿಂಗ್ ಲೈಟ್ ಹೋಗಲ್ಲ. ಹೆಡ್‌ಲೈಟ್ ಮಟ್ಟಾನೂ ಮತ್ತೆ ಸೆಟ್ ಮಾಡಿಸಿ.

ಹೊಸ ಸ್ಪ್ರಿಂಗ್ ಸ್ವಲ್ಪ ಓಡಿದ ಮೇಲೆ ಇನ್ನೂ ಕೆಲವು ಎಂಎಂ ಕೂರತ್ತೆ, ಆದ್ರಿಂದ ಹಾಕಿದ ದಿನ ಟೋ (ಮೇಲಿಂದ ನೋಡಿದ್ರೆ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರೋದು) ಮಾತ್ರ ಓಡಿಸೋ ಮಟ್ಟಿಗೆ ಸರಿ ಮಾಡಿ, ಒಂದೆರಡು ವಾರ ಆದ್ಮೇಲೆ ಪೂರ್ತಿ ಅಲೈನ್‌ಮೆಂಟ್ ಮಾಡಿಸಿ, ಡ್ರೈವರ್ ಸೀಟಲ್ಲಿ ನಿಮ್ಮಷ್ಟು ತೂಕ ಇಟ್ಟು. ರಸ್ತೆ ಜೊತೆ ಆಗಾಗ ಟ್ರ್ಯಾಕ್‌ಗೂ ಹೋಗೋರಿಗೆ ಮುಂದೆ ಮೈನಸ್ 2 ಡಿಗ್ರಿ ಹತ್ತಿರದ ಕ್ಯಾಂಬರ್‌ನಿಂದ ಶುರು ಮಾಡ್ತೀನಿ, ಹಿಂದೆ ಸ್ವಲ್ಪ ಟೋ ಇನ್. ಅಡ್ಜಸ್ಟ್ ಆಗೋ ಶಾಕ್ ಆದ್ರೆ ಅದ್ರ ಕ್ಲಿಕ್‌ಗಳನ್ನ (ತಿರುಗಿಸೋ ಹಂತಗಳನ್ನ) ಪೂರ್ತಿ ಮೃದು ಕಡೆಯಿಂದ ಶುರು ಮಾಡಿ, ಅದೇ ರಸ್ತೆ, ಅದೇ ಟೈರ್ ಪ್ರೆಷರ್, ಒಂದು ಸಲಕ್ಕೆ ಮುಂದೆ ಅಥವಾ ಹಿಂದೆ ಯಾವುದಾದ್ರೂ ಒಂದೇ ಕಡೆ, ಎರಡೆರಡು ಕ್ಲಿಕ್. ಉಬ್ಬು ದಾಟಿದ ಮೇಲೆ ಬಾಡಿ ಒಂದೇ ಸಲ ಎದ್ದು ಇಳಿದು ನಿಲ್ತಿದೆ ಅಂದ್ರೆ ಅಲ್ಲಿಗೆ ನಿಲ್ಲಿಸಿ, ಮುಂದೆ ಎಷ್ಟು ಹಿಂದೆ ಎಷ್ಟು ಅನ್ನೋದನ್ನ ಬರ್ದಿಟ್ಕೊಳ್ಳಿ.