ಗಾಜು ಏರಿಸೋದಾ, ಇಳಿಸೋದಾ? ಕೊಡಗಿನಲ್ಲಿ ಗಾಡಿಯೊಳಗೆ ಮಲಗುವವರಿಗೆ

ಕೊಡಗಿಗೆ ಬಂದು ಗಾಡಿಯಲ್ಲೇ ರಾತ್ರಿ ಕಳೆಯುವವರು ಈಗ ಜಾಸ್ತಿ. ಹಿಂದಿನ ಸೀಟು ಮಡಚಿ ಹಾಸಿಗೆ ಹಾಸುತ್ತಾರೆ, ತೋಟದವರನ್ನು ಕೇಳಿಕೊಂಡು ಬಾಣೆಯ (ಗದ್ದೆಯ ಪಕ್ಕದ ಏರುಜಾಗ) ಅಂಚಿನಲ್ಲೋ ಹೋಮ್‌ಸ್ಟೇ ಅಂಗಳದಲ್ಲೋ ನಿಲ್ಲಿಸುತ್ತಾರೆ. ಊಟ, ಚಳಿ, ಮಳೆ ಎಲ್ಲಕ್ಕೂ ತಯಾರಿ ಇರುತ್ತದೆ. ಕಚ್ಚುವ ಹುಳಗಳು ಮಾತ್ರ ದೀಪ ಆರಿಸಿದ ಮೇಲೆ ನೆನಪಾಗುತ್ತವೆ. ಆಗ ಏಳುವ ಪ್ರಶ್ನೆ ಒಂದೇ: ಗಾಜು ಏರಿಸೋದಾ, ಇಳಿಸೋದಾ?

ಏರಿಸಿದರೆ ಏನಾಗುತ್ತದೆ ನೋಡೋಣ. ಸಾಮಾನ್ಯ ಕಾರಿನೊಳಗೆ ಸುಮಾರು 3,000 ಲೀಟರ್ ಗಾಳಿ ಇರುತ್ತದೆ. ಮಲಗಿರುವ ಇಬ್ಬರು ಸೇರಿ ಗಂಟೆಗೆ 25 ಲೀಟರ್ ಆಸುಪಾಸು ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಹೊರಗಿನ ಗಾಳಿಯಲ್ಲಿ ಅದರ ಪ್ರಮಾಣ ಶೇ. 0.04ರಷ್ಟು. ಕಾರು ಪೂರ್ತಿ ಮುಚ್ಚಿದ ಡಬ್ಬವಾಗಿದ್ದರೆ ಒಂದೇ ಗಂಟೆಯಲ್ಲಿ ಶೇ. 1ರ ಹತ್ತಿರ ಬರುತ್ತಿತ್ತು. ಬಾಗಿಲ ಸಂದಿಗಳಲ್ಲಿ, ಹಿಂದಿನ ಬಂಪರಿನ ಒಳಗಿರುವ ರಬ್ಬರ್ ಮುಚ್ಚಳಗಳಲ್ಲಿ ಸ್ವಲ್ಪ ಗಾಳಿ ಓಡಾಡುವುದರಿಂದ ಅಷ್ಟು ಬೇಗ ಏರುವುದಿಲ್ಲ, ಆದರೂ ಬೆಳಗಾಗುವಷ್ಟರಲ್ಲಿ ತಲೆ ಭಾರ, ಬಾಯಿ ಒಣಗುವುದು, ಸರಿಯಾಗಿ ನಿದ್ದೆ ಆಗದಿರುವುದು ಎಲ್ಲ ಇರುತ್ತದೆ. ಜೊತೆಗೆ ನೀರು. ಇಬ್ಬರ ಉಸಿರು ಮತ್ತು ಚರ್ಮದಿಂದ ರಾತ್ರಿಯಿಡೀ ಹೋಗುವ ತೇವ ಸುಮಾರು ಅರ್ಧ ಲೀಟರ್. ಮಡಿಕೇರಿಯ ಚಳಿಗೆ ಅದೆಲ್ಲ ಗಾಜಿನ ಒಳಮೈಗೆ ಹನಿಯಾಗಿ ಕೂತು, ದಿಂಬಿನ ಮೇಲೆ ತೊಟ್ಟಿಕ್ಕುತ್ತದೆ.

ಇಂಜಿನ್ ಚಾಲೂ ಇಟ್ಟು ಏಸಿ ಹಾಕಿಕೊಂಡು ಮಲಗುವ ಯೋಚನೆ ಬಂದರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಸೈಲೆನ್ಸರ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಗಾಜು ಇಳಿಸಲೇಬೇಕು. ಇಳಿಸಿದ ಕೂಡಲೇ ಉಸಿರು ಹೊರಗೆ ಹೋಗುತ್ತದೆ, ಅದರ ಜಾಡು ಹಿಡಿದು ಸೊಳ್ಳೆ ಬರುತ್ತದೆ. ನಾವು ಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ. 4ರಷ್ಟು, ಅಂದರೆ ಸುತ್ತಲಿನ ಗಾಳಿಯ ನೂರು ಪಟ್ಟು. ಸೊಳ್ಳೆಯ ಸೊಂಡಿಲಿನ ಪಕ್ಕ ಎರಡು ಪುಟ್ಟ ಮೀಸೆಯಂಥ ಅಂಗಗಳಿವೆ, ಅವು ಇದನ್ನು ಹತ್ತಾರು ಮೀಟರ್ ದೂರದಿಂದಲೇ ಹಿಡಿಯುತ್ತವೆ. ವಾಸನೆ ಸಿಕ್ಕ ಸೊಳ್ಳೆ ಗಾಳಿಗೆ ಎದುರಾಗಿ ಹಾರುತ್ತದೆ, ಜಾಡು ತಪ್ಪಿದರೆ ಆ ಕಡೆ ಈ ಕಡೆ ಅಡ್ಡಾಡಿ ಮತ್ತೆ ಹಿಡಿಯುತ್ತದೆ. ಹತ್ತಿರ ಬಂದ ಮೇಲೆ ಕಣ್ಣಿನ ಕೆಲಸ. ಆಮೇಲೆ ಬೆವರಿನ ಲ್ಯಾಕ್ಟಿಕ್ ಆಮ್ಲದ ವಾಸನೆ, ಮೈಯ ಬಿಸಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಮ್ಮ ಚರ್ಮದಿಂದ ಹೊರಡುವ ಅವಗೆಂಪು (ಇನ್‌ಫ್ರಾರೆಡ್) ಕಿರಣವನ್ನೂ ಸುಮಾರು 70 ಸೆಂಟಿಮೀಟರ್ ದೂರದವರೆಗೆ ಗುರುತಿಸಬಲ್ಲದು ಅಂತ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಷ್ಟೆಲ್ಲ ಮಾಡುವುದು ಹೆಣ್ಣು ಸೊಳ್ಳೆ ಮಾತ್ರ, ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು.

ಆದ್ದರಿಂದ ಉಸಿರು ಹೊರಗೆ ಹೋಗಲಿ, ಹುಳ ಒಳಗೆ ಬರದಿರಲಿ. ಅದಕ್ಕೆ ಬಲೆ ಬೇಕು. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಬಲೆಯ ಕಣ್ಣಿನ ಅಳತೆಯಲ್ಲಿ.

ಸೊಳ್ಳೆಪರದೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆ ಚದರ ಇಂಚಿಗೆ 156 ತೂತು. ಬಲೆಯ ಮೇಲೆ ಒಂದು ಸ್ಕೇಲ್ ಇಟ್ಟು, ಒಂದು ಇಂಚಿನ ಉದ್ದಕ್ಕೆ ಎಷ್ಟು ಕಣ್ಣು ಇದೆ ಅಂತ ಸೂಜಿಮೊನೆಯಲ್ಲಿ ಎಣಿಸಿ. ಹನ್ನೆರಡು, ಹದಿಮೂರು ಸಿಕ್ಕರೆ ಅದು ಸೊಳ್ಳೆಯ ಬಲೆ. ಒಂದೊಂದು ಕಣ್ಣು 1.2ರಿಂದ 1.5 ಮಿಲಿಮೀಟರ್ ಅಗಲ. ಸೊಳ್ಳೆ ಅದರಲ್ಲಿ ತೂರುವುದಿಲ್ಲ. ಆದರೆ ಕೊಡಗಿನಲ್ಲಿ ನಿಮ್ಮನ್ನು ಕಚ್ಚುವುದು ಸೊಳ್ಳೆ ಒಂದೇ ಅಲ್ಲ. ಮುಸ್ಸಂಜೆ ಹೊತ್ತಿಗೆ ಕಿವಿಯ ಹಿಂದೆ, ಕೂದಲಿನ ಬುಡದಲ್ಲಿ ಕೆಂಡ ತಾಗಿಸಿದ ಹಾಗೆ ಕಚ್ಚಿ, ನೋಡಿದರೆ ಏನೂ ಕಾಣದ ನೊರಜು ಇದೆಯಲ್ಲ, ಅದರ ಉದ್ದವೇ 1ರಿಂದ 3 ಮಿಲಿಮೀಟರ್, ಮೈಯಗಲ ಅದಕ್ಕಿಂತ ತುಂಬ ಕಡಿಮೆ. ಕಚ್ಚುವ ನೊರಜುಗಳಲ್ಲಿ ಮುಖ್ಯವಾದದ್ದು ಕ್ಯೂಲಿಕಾಯ್ಡಿಸ್ ಅನ್ನುವ ಜಾತಿ. ಕುರಿ ಸಾಕುವವರನ್ನು ಕಾಡುವ ನೀಲಿ ನಾಲಿಗೆ ರೋಗ ಹರಡುವುದೂ ಇದೇ. ಸೊಳ್ಳೆಪರದೆ ಕಟ್ಟಿ ನೊರಜು ತಡೆಯುತ್ತೇನೆ ಅನ್ನುವುದು ಒಂದರಿಯಲ್ಲಿ ಹಿಟ್ಟು ನಿಲ್ಲಿಸಲು ಹೊರಟ ಹಾಗೆ.

ನೊರಜಿಗೆ 0.6 ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಬಲೆ ಬೇಕು. ಇಂಚಿಗೆ ಇಪ್ಪತ್ತಕ್ಕಿಂತ ಜಾಸ್ತಿ ಕಣ್ಣು ಇರಬೇಕು. ಒಳ್ಳೆಯ ಟೆಂಟ್‌ಗಳಲ್ಲಿ ಹಾಕುವುದು ಇಂಥದ್ದೇ. ಸಿಗದಿದ್ದರೆ ಪರದೆಗೆ ಬಳಸುವ ತೆಳು ಶಿಫಾನ್ ಬಟ್ಟೆಯೂ ನಡೆಯುತ್ತದೆ. ಸೊಳ್ಳೆಪರದೆಯನ್ನೇ ಎರಡು ಮಡಿಕೆ ಮಾಡಿದರೆ ನೊರಜು ಕಡಿಮೆಯಾಗಬಹುದು, ನಿಲ್ಲುವುದಿಲ್ಲ.

ಸಣ್ಣ ಕಣ್ಣಿನ ಬಲೆಗೆ ಒಂದು ಬೆಲೆ ತೆರಬೇಕು. ಗಾಳಿ ಸರಾಗವಾಗಿ ಬರುವುದಿಲ್ಲ. ಒಂದೊಂದು ದಾರವೂ ಗಾಳಿಗೆ ತಡೆ, ಕಣ್ಣು ಚಿಕ್ಕದಾದಷ್ಟೂ ತಡೆ ಜಾಸ್ತಿ. ಅದಕ್ಕೇ ಗಾಜನ್ನು ಎರಡು ಬೆರಳು ಇಳಿಸಿ ಸಂದಿಗೆ ಬಟ್ಟೆ ಸಿಕ್ಕಿಸುವುದರಿಂದ ಪ್ರಯೋಜನ ಇಲ್ಲ. ಇಡೀ ಕಿಟಕಿ ಇಳಿಸಬೇಕು, ಇಡೀ ಕಿಟಕಿಗೆ ಬಲೆ ಇರಬೇಕು, ಅದೂ ಎದುರುಬದುರು ಎರಡು ಕಡೆ. ಬಾಗಿಲಿನ ಮೇಲ್ಭಾಗಕ್ಕೆ ಕಾಲುಚೀಲದಂತೆ ತೊಡಿಸುವ ಬಲೆ ಸಿಗುತ್ತದೆ. ಬಾಗಿಲು ತೆಗೆದು ಮುಚ್ಚಿದರೂ ಅದು ಕದಲುವುದಿಲ್ಲ, ಅನುಕೂಲವೇ. ಆದರೆ ತುಂಬ ಬಿಗಿಯಾಗಿ ಎಳೆದರೆ ಕಣ್ಣುಗಳು ಉದ್ದಕ್ಕೆ ಹಿಗ್ಗುತ್ತವೆ, ಮೂಲೆಗಳಲ್ಲಂತೂ ಚೆನ್ನಾಗಿ ಕಾಣುತ್ತದೆ. ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ. ಡಿಕ್ಕಿಗೆ ಬಲೆಯ ಅಂಚಿನಲ್ಲಿ ಚಿಕ್ಕ ಆಯಸ್ಕಾಂತ ಹೊಲಿದು ಅಂಟಿಸಬಹುದು, ಡಿಕ್ಕಿ ಬಾಗಿಲು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಆಗಿದ್ದರೆ ಹಿಡಿಯುವುದಿಲ್ಲ ಅಷ್ಟೇ. ಇನ್ನೊಂದು ಮಾತು: ಮಲಗಿದಾಗ ಮೊಣಕೈ, ಮೊಣಕಾಲು ಬಲೆಗೆ ತಾಗಬಾರದು. ತಾಗಿದ ಕಡೆ ಸೊಳ್ಳೆ ಹೊರಗೆ ಕೂತೇ ಸೊಂಡಿಲು ತೂರಿಸಿ ರಕ್ತ ಹೀರುತ್ತದೆ.

ಬಲೆ ಕಟ್ಟಿದ ಮೇಲೂ ಕಚ್ಚುತ್ತಿದ್ದರೆ ಗಾಡಿಯನ್ನೇ ನೋಡಬೇಕು. ಕೊಡಗಿನಲ್ಲಿ ಹಳೇ ಜೀಪುಗಳು ಬೇಕಾದಷ್ಟಿವೆ. ಅವುಗಳಲ್ಲಿ ಪೆಡಲ್ ಬರುವ ತೂತು, ನೆಲದ ತುಕ್ಕು ತಿಂದ ಜಾಗ, ಟಾರ್ಪಾಲು ಮತ್ತು ಕಂಬಿಯ ನಡುವಿನ ಸಂದಿ, ಎಲ್ಲವೂ ದಾರಿಯೇ. ಕತ್ತಲಾದ ಮೇಲೆ ಒಬ್ಬರು ಒಳಗೆ ಕೂತು ಟಾರ್ಚನ್ನು ನೆಲದಿಂದ ಶುರುಮಾಡಿ ನಿಧಾನವಾಗಿ ಅಂಚುಗಳ ಉದ್ದಕ್ಕೂ ಹಿಡಿಯಲಿ. ಇನ್ನೊಬ್ಬರು ಹೊರಗೆ ಕುಕ್ಕರಗಾಲಲ್ಲಿ ಕೂತು ಸುತ್ತಬೇಕು. ಎಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲಿ ಸುಮ್ನೆ ಒಂದು ತುಂಡು ಸ್ಪಂಜೋ ಹಳೇ ಬಟ್ಟೆಯೋ ತುರುಕಿದರೆ ಸಾಕು. ಹೆಚ್ಚಿನ ಹೊಸ ಕಾರುಗಳಲ್ಲಿ ಮುಂದಿನ ಗಾಜಿನ ಬುಡದಿಂದ ಬರುವ ಗಾಳಿಗೆ ಫಿಲ್ಟರ್ ಇರುತ್ತದೆ, ಇದ್ದರೆ ಅಲ್ಲಿಂದ ಹುಳ ಬರುವ ಭಯ ಇಲ್ಲ.

ಇಷ್ಟೆಲ್ಲ ಮಾಡಿ ಬಾಗಿಲಲ್ಲಿ ಸೋಲುವವರೇ ಜಾಸ್ತಿ. ಹಲ್ಲುಜ್ಜಲು ಒಮ್ಮೆ, ನೀರಿನ ಬಾಟಲಿಗೆ ಒಮ್ಮೆ, ಚಾರ್ಜರ್‌ಗೆ ಒಮ್ಮೆ ಅಂತ ಬಾಗಿಲು ತೆಗೆಯುತ್ತಾ ಇದ್ದರೆ ಬಲೆಗೆ ಅರ್ಥವೇ ಇಲ್ಲ. ಸೂರ್ಯ ಮುಳುಗುವ ಮೊದಲೇ ಬಲೆ ಕಟ್ಟಿ, ರಾತ್ರಿಗೆ ಬೇಕಾದ್ದನ್ನೆಲ್ಲ ಒಳಗಿಡಿ. ಹತ್ತುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಯ ಬಾಗಿಲು ತೆಗೆಯಿರಿ, ಯಾಕಂದರೆ ನಿಮ್ಮ ವಾಸನೆ ಹೋಗುವುದು ಎದುರು ದಿಕ್ಕಿಗೆ, ಸೊಳ್ಳೆ ಬಂದು ಸೇರುವುದೂ ಅಲ್ಲೇ. ಬಾಗಿಲು ತೆಗೆದ ಕೂಡಲೇ ಹತ್ತುವ ಒಳಗಿನ ಬಿಳಿ ದೀಪವನ್ನು ಮೊದಲೇ ಆರಿಸಿಡಿ. ಅದು ಸೊಳ್ಳೆಗಿಂತ ಹೆಚ್ಚಾಗಿ ಪತಂಗ, ದುಂಬಿಗಳನ್ನು ಕರೆಯುತ್ತದೆ. ಹಳದಿ ಬೆಳಕಿಗೆ ಹುಳ ಬರುವುದು ಕಡಿಮೆ.

ಜಾಗದ ಆಯ್ಕೆಯೂ ಬಲೆಯಷ್ಟೇ ಮುಖ್ಯ. ನೀರು ನಿಂತ ಗದ್ದೆ, ತೋಡಿನ ಪಕ್ಕದ ಕೆಸರು, ಕೊಟ್ಟಿಗೆಯ ಹಿಂದಿನ ಗೊಬ್ಬರಗುಂಡಿ, ಕೊಳೆಯುತ್ತಿರುವ ಕಾಫಿ ಸಿಪ್ಪೆಯ ಗುಡ್ಡೆ, ಇಂಥ ಕಡೆಗಳಿಂದ ಆದಷ್ಟು ದೂರ ಇರಿ. ನೊರಜಿನ ಮರಿಗಳು ಬೆಳೆಯುವುದು ಒದ್ದೆ ಮಣ್ಣು, ಸಗಣಿ, ಕೊಳೆತ ಸೊಪ್ಪಿನಲ್ಲಿ. ಈಡಿಸ್ ಸೊಳ್ಳೆಗಾದರೆ ಕಡಿದ ಬಿದಿರಿನ ಬುಡದಲ್ಲಿ ನಿಂತ ಒಂದು ಲೋಟ ನೀರೂ ಸಾಕು, ಅದು ಹಗಲಿನಲ್ಲೇ, ಬೆಳಗ್ಗೆ ಮತ್ತು ಸಂಜೆಯ ಮುಂಚೆ, ಕಚ್ಚುತ್ತದೆ. ಸ್ವಲ್ಪ ಎತ್ತರದ, ಗಾಳಿಯಾಡುವ ಜಾಗ ಸಿಕ್ಕರೆ ಅರ್ಧ ಸಮಸ್ಯೆ ತಾನಾಗಿ ಕಡಿಮೆಯಾಗುತ್ತದೆ. ಸೊಳ್ಳೆಯ ವೇಗ ನಾವು ನಡೆಯುವ ವೇಗಕ್ಕಿಂತ ಜಾಸ್ತಿ ಇಲ್ಲ, ನೊರಜು ಇನ್ನೂ ದುರ್ಬಲ. ಗಂಟೆಗೆ 10 ಕಿಲೋಮೀಟರ್ ಮೇಲೆ ಗಾಳಿ ಬೀಸಿದರೆ ನೊರಜುಗಳು ಬಹುತೇಕ ಹಾರುವುದಿಲ್ಲ. ಪವರ್ ಬ್ಯಾಂಕಿಗೆ ಸಿಕ್ಕಿಸುವ ಪುಟ್ಟ ಫ್ಯಾನ್ ಒಳಗೆ ಅಷ್ಟೊಂದು ಕೆಲಸಕ್ಕೆ ಬರುವುದು ಇದೇ ಕಾರಣಕ್ಕೆ. ಹುಳವನ್ನೂ ತಳ್ಳುತ್ತದೆ, ಉಸಿರಿನ ಜಾಡನ್ನೂ ಚದುರಿಸುತ್ತದೆ.

ಜಾಗ ನೋಡುವಾಗ ಆನೆ ಓಡಾಡುವ ದಾರಿಯನ್ನು ತೋಟದವರಲ್ಲಿ ಕೇಳಿಕೊಳ್ಳದೆ ಗಾಡಿ ನಿಲ್ಲಿಸಬೇಡಿ. ಇದು ಹುಳದ ಲೇಖನವಾದರೂ ಹೇಳದೆ ಬಿಡುವ ಮಾತಲ್ಲ.

ಇನ್ನು ಹೊಗೆ. ಹಳ್ಳಿಗಳಲ್ಲಿ ಕೊಟ್ಟಿಗೆಗೆ ಲಕ್ಕಿ ಸೊಪ್ಪು, ಬೇವಿನ ಸೊಪ್ಪಿನ ಹೊಗೆ ಹಾಕುವ ರೂಢಿ ಇದೆ. ತೆರೆದ ಜಾಗದಲ್ಲಿ, ಹೊಗೆ ಇರುವಷ್ಟು ಹೊತ್ತು ಉಪಯೋಗ ಇದೆ. ಗಾಡಿಯೊಳಗೆ ಮಾತ್ರ ಸೊಳ್ಳೆಬತ್ತಿ ಹಚ್ಚಲೇಬೇಡಿ. ಒಂದು ಸುರುಳಿ ಬತ್ತಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಅಂತ 2003ರ ಅಧ್ಯಯನವೊಂದು ಅಳೆದು ಹೇಳಿತ್ತು. ಕೋಣೆಯಲ್ಲೇ ಅದು ಕೆಟ್ಟದ್ದು, 3,000 ಲೀಟರ್ ಗಾಳಿಯ ಕಾರಿನಲ್ಲಿ, ಅದೂ ಮಕ್ಕಳು ಮಲಗಿರುವಾಗ, ಯೋಚಿಸಿ. ಹಾಸಿಗೆಗೆ ಕಿಡಿ ಬೀಳುವ ಅಪಾಯ ಬೇರೆ.

ಮೈಗೆ ಹಚ್ಚುವ ಡೀಟ್ ಒಳ್ಳೆಯ ಔಷಧ. ಅಮೆರಿಕದಲ್ಲಿ 1940ರ ದಶಕದಲ್ಲಿ ಸೈನಿಕರಿಗಾಗಿ ತಯಾರಾದದ್ದು, ಈಗಲೂ ಅದರ ಸಮಕ್ಕೆ ನಿಲ್ಲುವಂಥವು ಕೆಲವೇ. ಆದರೆ ಅದು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಹಚ್ಚಿದ ಕೈಯಲ್ಲಿ ಡ್ಯಾಶ್‌ಬೋರ್ಡ್, ಸ್ಟೀರಿಂಗ್ ಮುಟ್ಟಿದರೆ ಕಲೆ ಉಳಿಯಬಹುದು, ಕನ್ನಡಕದ ಗಾಜಿಗೂ ಕಷ್ಟ. ಮೈಗೆ ಹಚ್ಚುವ ಇನ್ನೊಂದು ಔಷಧ ಪಿಕಾರಿಡಿನ್‌ಗೆ ಆ ತೊಂದರೆ ಇಲ್ಲ. ಬಟ್ಟೆಗೆ, ಬಲೆಗೆ ಹಾಕುವ ಪರ್ಮೆಥ್ರಿನ್ ಅನ್ನುವ ಕೀಟನಾಶಕ ರಕ್ತ ಹೀರುವ ಉಣ್ಣೆಹುಳಗಳ (ಉಣುಗು) ಮೇಲೂ ಕೆಲಸ ಮಾಡುತ್ತದೆ. ಆದರೆ ಜೇನುಹುಳಕ್ಕೂ ಮೀನಿಗೂ ಅದು ವಿಷ. ಹೂಮಳೆ ಬಿದ್ದು ಕಾಫಿ ಅರಳಿದ ಹೊತ್ತಿನಲ್ಲಿ ತೋಟದ ನಡುವೆ ನಿಂತು ಅದನ್ನು ಸಿಂಪಡಿಸುವುದು, ಆ ಬಲೆಯನ್ನು ತೋಡಿನಲ್ಲಿ ತೊಳೆಯುವುದು ದಯವಿಟ್ಟು ಬೇಡ. ಮನೆಯಲ್ಲೇ ಹಾಕಿ, ಪೂರ್ತಿ ಒಣಗಿಸಿ ತನ್ನಿ. ಮನೆಯಲ್ಲಿ ಬೆಕ್ಕಿದ್ದರೆ ಒಣಗುವವರೆಗೆ ಅದನ್ನು ದೂರ ಇಡಿ.

ಹಗಲಿನಲ್ಲಿ ಗಾಡಿಯ ಸುತ್ತ ಸುತ್ತುವ ದಪ್ಪ ದನದ ನೊಣದ ಕಥೆ ಬೇರೆ. ಅದನ್ನು ಎಳೆಯುವುದರಲ್ಲಿ ಬಣ್ಣಕ್ಕೂ ಪಾಲಿದೆ. ಕಪ್ಪು, ಹೊಳೆಯುವ ಮೈಯಿಂದ ಬರುವ ಧ್ರುವೀಕೃತ ಬೆಳಕು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು) ಅದಕ್ಕೆ ನೀರಿನ ಮೇಲ್ಮೈಯಂತೆ ಕಾಣುತ್ತದೆ. ಹಂಗೇರಿಯ ವಿಜ್ಞಾನಿ ಗಾಬೋರ್ ಹೊರ್ವಾತ್ ಮತ್ತು ಜೊತೆಗಾರರು ಬಿಳಿ ಕುದುರೆಗಳನ್ನು ಈ ನೊಣ ಕಡಿಮೆ ಕಾಡುವುದು ಯಾಕೆ ಅಂತ ವಿವರಿಸಿದ್ದೂ ಇದರಿಂದಲೇ. ಕಪ್ಪು ಕಾರಿದ್ದರೆ ನೆರಳಿನಲ್ಲಿ ನಿಲ್ಲಿಸಿ, ಮೇಲೆ ಒಂದು ತಿಳಿಬಣ್ಣದ ಬಟ್ಟೆ ಹೊದಿಸಿ.

ಬೆಳಗ್ಗೆ ಎದ್ದ ಕೂಡಲೇ ಬಾಗಿಲು ತೆಗೆಯಬೇಡಿ, ಒಳಗಿನಿಂದಲೇ ಒಮ್ಮೆ ಕಣ್ಣಾಡಿಸಿ. ರಕ್ತ ಕುಡಿದ ಸೊಳ್ಳೆ ಭಾರಕ್ಕೆ ದೂರ ಹಾರದೆ ಚಾವಣಿಯ ಬಟ್ಟೆಯಲ್ಲೋ ಸೀಟಿನ ಕೆಳಗಿನ ಕತ್ತಲಲ್ಲೋ ಕೂತಿರುತ್ತದೆ. ಅದು ಸಿಕ್ಕರೆ ಬಲೆಯನ್ನು ದೂರಬೇಡಿ, ಬಾಗಿಲು ಅಥವಾ ಯಾವುದೋ ಸಂದಿ ಕಾರಣ. ನೊರಜುಗಳು ಬೆಳಕಿಗೆ ಹೋಗಿ ಮುಂದಿನ ಗಾಜಿನ ಕೆಳ ಅಂಚಿನಲ್ಲಿ ಪುಡಿಯಂತೆ ಸೇರಿರುತ್ತವೆ. ಅವು ಕಂಡರೆ ಬಲೆಯ ಕಣ್ಣು ದೊಡ್ಡದಾಗಿದೆ ಅಂತ ಲೆಕ್ಕ, ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಒಂದು ಬಟ್ಟೆ ಅಂಗಡಿ ಹುಡುಕಿ, ಮುಂದಿನ ರಾತ್ರಿಯೊಳಗೆ ಎರಡು ಮೀಟರ್ ಶಿಫಾನ್ ತಂದುಬಿಡಿ.