ಸೊಳ್ಳೆಯಲ್ಲ, ಬಲೆ ಮೀಟುವ ತಿಗಣೆ

"ಸಾರ್, ಇದು ಯಾವ ಜಾತಿ ಸೊಳ್ಳೆ?" ಅಂತ ಕೇಳಿ ಫೋಟೋ ಕಳಿಸುವವರು ಜಾಸ್ತಿ. ಗೋಡೆಯ ಮೂಲೆ, ಧೂಳು ಹಿಡಿದ ಜೇಡರ ಬಲೆ, ಪಕ್ಕದಲ್ಲಿ ಕೂದಲೆಳೆಯಂಥ ಕಾಲುಗಳ ಹುಳು. ಕಾಲು ಎಣಿಸಿ ಅನ್ನುತ್ತೇನೆ. ಊರಿ ನಿಂತಿರುವುದು ನಾಲ್ಕೇ. ಮುಂದಿನ ಎರಡು ಎದೆಯ ಹತ್ತಿರ ಮಡಚಿಕೊಂಡಿವೆ. ಲೆನ್ಸ್ ಹಿಡಿದರೆ ಆ ಕಾಲುಗಳ ಒಳಬದಿಯಲ್ಲಿ ಸಾಲು ಮುಳ್ಳು, ತಲೆಯ ಕೆಳಗೆ ಕೊಕ್ಕೆಯಂತೆ ಬಾಗಿದ ಕೊಕ್ಕು.

ಆ ಕೊಕ್ಕೇ ಗುರುತು. ಪ್ರೇಯಿಂಗ್ ಮ್ಯಾಂಟಿಸ್‌ಗೂ ಇಂಥದೇ ಮುಂಗಾಲಿದೆ, ಆದರೆ ಅದು ಅಗಿದು ತಿನ್ನುತ್ತದೆ. ಇದು ಚುಚ್ಚಿ, ಜೊಲ್ಲು ಬಿಟ್ಟು, ಒಳಗಿನದನ್ನು ಕರಗಿಸಿ ಹೀರುತ್ತದೆ. ಅಂದರೆ ತಿಗಣೆಗಳ ಬಳಗ, ಹೆಮಿಪ್ಟೆರಾ. ನಮ್ಮ ಗೇರು ತೋಟದ ಟೀ ಸೊಳ್ಳೆಯೂ ಇದೇ ಬಳಗದ್ದು. ಹೆಸರು ಸೊಳ್ಳೆ, ಜಾತಿ ತಿಗಣೆ!

ಬೇಟೆಗಾರ ತಿಗಣೆಗಳ ಕುಟುಂಬ ರೆಡುವಿಡೆ. ಅದರೊಳಗೆ ಈ ನೂಲುಗಾಲಿನವು ಎಮೆಸಿನೆ ಎಂಬ ಉಪಕುಟುಂಬ. ಹಿಂದೆ ಇವನ್ನೇ ಬೇರೆ ಕುಟುಂಬ ಎಂದವರೂ ಇದ್ದರು. 1966ರಲ್ಲಿ ಕೀಟತಜ್ಞ ಪೆಡ್ರೊ ವಿಗೊಡ್ಜಿನ್‌ಸ್ಕಿ 600ಕ್ಕೂ ಹೆಚ್ಚು ಪುಟಗಳಲ್ಲಿ ಇವುಗಳ ಲೆಕ್ಕ ಬರೆದರು. ಈಗ ಗೊತ್ತಿರುವ ಪ್ರಭೇದಗಳು 900ಕ್ಕೂ ಹೆಚ್ಚು.

ನನಗೆ ಮಾತ್ರ ಇವು ಬೇಟೆಯಾಡುವ ರೀತಿಯೇ ಇಷ್ಟ. ಆಸ್ಟ್ರೇಲಿಯಾದ ಸ್ಟೆನೊಲೆಮಸ್ ಬಿಟುಬೆರಸ್ ಎಂಬ ನೂಲುಗಾಲಿನ ತಿಗಣೆ ಜೇಡವನ್ನು ಅದರ ಬಲೆಯಲ್ಲೇ ಹಿಡಿಯುತ್ತದೆ. ಸಂಶೋಧಕರಾದ ಆನ್ ವಿಗ್ನಾಲ್ ಮತ್ತು ಫಿಲಿಪ್ ಟೇಲರ್ ಇದನ್ನು ಕೂತು ನೋಡಿದವರು. ಒಮ್ಮೊಮ್ಮೆ ಇದು ಮೆಲ್ಲಗೆ ಹತ್ತಿರ ಹೋಗುತ್ತದೆ. ದಾರಿಗೆ ಅಡ್ಡ ಬಂದ ಎಳೆಗಳನ್ನು ಎಳೆದು ಕಡಿಯುತ್ತದೆ. ಗಾಳಿ ಬೀಸಿ ಬಲೆ ಅಲ್ಲಾಡುವಾಗ ಹೆಜ್ಜೆ ಹಾಕುವುದು ಹೆಚ್ಚು, ಆಗ ಜೇಡಕ್ಕೆ ಇದರ ಸುಳಿವು ಸಿಗುವುದು ಕಷ್ಟ. ಕುಡಿಮೀಸೆಯಿಂದ ಜೇಡವನ್ನು ಮೆತ್ತಗೆ ತಟ್ಟಿ, ಆಮೇಲೆ ಚುಚ್ಚುತ್ತದೆ.

ಇನ್ನೊಂದು ಉಪಾಯ: ನಿಂತಲ್ಲೇ ಎಳೆ ಮೀಟುವುದು. ಬಲೆಗೆ ಬಿದ್ದು ಸುಸ್ತಾದ ಹುಳು ಒದ್ದಾಡಿದಂಥ ಕಂಪನ. ಊಟ ಸಿಕ್ಕಿತೆಂದು ಜೇಡ ತಾನೇ ನಡೆದು ಬರುತ್ತದೆ. ಎಲ್ಲ ಸಲವೂ ತಿಗಣೆಯೇ ಗೆಲ್ಲುವುದಿಲ್ಲ. ಜೇಡವೇ ಅದನ್ನು ತಿಂದು ಮುಗಿಸುವುದೂ ಉಂಟು.

ಮನೆಯಲ್ಲಿ ಇಂಥದು ಕಂಡರೆ ಸುಮ್ನೆ ಪೊರಕೆ ಎತ್ತಬೇಡಿ. ಕೈಯಲ್ಲಿ ಹಿಡಿಯಲೂ ಬೇಡಿ, ಕಾಲು ಮುರಿಯುತ್ತದೆ. ಫೋಟೋ ಪಕ್ಕದಿಂದ ತೆಗೆಯಿರಿ. ಮೇಲಿನಿಂದ ತೆಗೆದರೆ ಕೊಕ್ಕು ಕಾಣುವುದಿಲ್ಲ.