ಕಣ್ಣು ಕಿರಿದು ಮಾಡಿದರೆ ಬೋರ್ಡು ಕಾಣುವುದೇಕೆ?

ದೂರದಿಂದ ಬರುವ ಬಸ್ಸಿನ ಬೋರ್ಡು ಓದಲು ಕಣ್ಣು ಕಿರಿದು ಮಾಡುವವರಿಗೆ ಅಕ್ಷರ ನಿಜಕ್ಕೂ ಸ್ಪಷ್ಟವಾಗುತ್ತದೆ, ಅದು ಭ್ರಮೆಯಲ್ಲ. ಸಮೀಪದೃಷ್ಟಿ ಇರುವ ಕಣ್ಣಿನಲ್ಲಿ ದೂರದ ಬೆಳಕು ರೆಟಿನಾ (ಕಣ್ಣಿನ ಹಿಂಭಾಗದ, ಚಿತ್ರ ಮೂಡುವ ಪರದೆ) ತಲುಪುವ ಮೊದಲೇ ಒಂದೆಡೆ ಕೂಡಿ, ಮತ್ತೆ ಹರಡಿಕೊಂಡು ಬೀಳುತ್ತದೆ. ಚುಕ್ಕೆಯಾಗಬೇಕಾದದ್ದು ಬಿಲ್ಲೆಯಾಗುತ್ತದೆ. ಬಿಲ್ಲೆಯ ಗಾತ್ರ ನಿರ್ಧಾರವಾಗುವುದು ಕಣ್ಣಿನ ಪವರ್ ದೋಷದಿಂದ ಮತ್ತು ಬೆಳಕು ಒಳಬರುವ ಕಿಂಡಿಯ ಅಗಲದಿಂದ. ಪವರ್ ಹಾಗೇ ಇದ್ದರೂ, 4 ಮಿ.ಮೀ. ಪಾಪೆಯ ಮುಂದೆ 1.2 ಮಿ.ಮೀ. ತೂತು ಹಿಡಿದರೆ ಬಿಲ್ಲೆ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಾಗುತ್ತದೆ. ನಲವತ್ತು ದಾಟಿದವರು ಬಿಸಿಲಿನಲ್ಲಿ ಓದಬಲ್ಲ ಪತ್ರಿಕೆಯನ್ನು ಮುಸ್ಸಂಜೆಯಲ್ಲಿ ಓದಲಾರದೆ ಹೋಗುವುದಕ್ಕೂ ಇದೊಂದು ಕಾರಣ: ಬಿಸಿಲಿಗೆ ಪಾಪೆ ಕುಗ್ಗುತ್ತದೆ.

ರೆಪ್ಪೆಗಳು ಈ ಕೆಲಸವನ್ನು ಅರ್ಧ ಮಾತ್ರ ಮಾಡುತ್ತವೆ. ಕಿಂಡಿ ಕಿರಿದಾಗುವುದು ಮೇಲೆ-ಕೆಳಗೆ. ಎಡ-ಬಲದ ಅಗಲ ಹಾಗೇ ಉಳಿಯುತ್ತದೆ. ಹಾಗಾಗಿ ಅಡ್ಡಗೆರೆ ತಿಳಿಯಾಗುತ್ತದೆ, ನೆಟ್ಟಗಿನ ಗೆರೆ ಮಸುಕಾಗಿಯೇ ಇರುತ್ತದೆ. ದಿಕ್ಕು ತಿರುಗಿಸಿದ ಇಂಗ್ಲಿಷ್ 'ಇ' ಚಾರ್ಟಿನಲ್ಲಿ ಎಡಕ್ಕೆ, ಬಲಕ್ಕೆ ಮುಖ ಮಾಡಿದವನ್ನು ಸರಿಯಾಗಿ ಹೇಳಿ, ಮೇಲೆ-ಕೆಳಗೆ ಮುಖ ಮಾಡಿದವುಗಳಲ್ಲಿ ತಪ್ಪುವ ಮಗುವಿನ ರೆಪ್ಪೆಗಳನ್ನು ಮೊದಲು ನೋಡಬೇಕು. ಅಸ್ಟಿಗ್ಮ್ಯಾಟಿಸಂ (ಒಂದು ದಿಕ್ಕಿನ ಗೆರೆ ಇನ್ನೊಂದಕ್ಕಿಂತ ಮಸುಕಾಗಿ ಕಾಣುವ ದೋಷ) ಇದ್ದರೂ ಹೀಗಾಗಬಹುದು.

ಶಾಲಾ ತಪಾಸಣೆಯಲ್ಲಿ ಇದು ದೊಡ್ಡ ತೊಡಕು. ಕಣ್ಣು ಕಿರಿದು ಮಾಡಿಕೊಂಡು ಮಗು ಕೆಳಗಿನ ಸಾಲಿನವರೆಗೂ ಓದಿಬಿಡುತ್ತದೆ, ಚೀಟಿಯಲ್ಲಿ 'ದೃಷ್ಟಿ ಸರಿಯಿದೆ' ಎಂದು ಬರೆಯಲಾಗುತ್ತದೆ, ಕನ್ನಡಕ ಸಿಗದೆ ಒಂದು ವರ್ಷ ಕಳೆಯುತ್ತದೆ. ತಪಾಸಣೆ ಮಾಡುವವರು ಚಾರ್ಟನ್ನಲ್ಲ, ಮಗುವಿನ ಮುಖವನ್ನು ನೋಡುತ್ತಿರಬೇಕು. "ಕಣ್ಣು ಪೂರ್ತಿ ಬಿಡು ಪುಟ್ಟಾ" ಎಂದು ಹೇಳಿ ಅದೇ ಸಾಲನ್ನು ಮತ್ತೆ ಓದಿಸಿ. ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ. ಬೆರಳುಗಳಿಂದ ಮುಚ್ಚಿದರೆ ಸಂದಿಯಿಂದ ಇಣುಕುತ್ತಾರೆ.

ಕ್ಲಿನಿಕ್ಕಿನಲ್ಲಿ ನಾವು ಬಳಸುವ, ಕಣ್ಣಿನ ಮುಂದೆ ಹಿಡಿಯುವ ಸಣ್ಣ ತೂತಿನ ಸಾಧನವಾದ ಪಿನ್‌ಹೋಲ್ ಇದೇ ತತ್ವದ ಪೂರ್ಣ ರೂಪ. ಮನೆಯಲ್ಲಿ ನೋಡಬೇಕೆಂದರೆ ಕಪ್ಪು ರಟ್ಟಿನಲ್ಲಿ ಸೂಜಿಯಿಂದ ಸುಮಾರು 1 ಮಿ.ಮೀ. ತೂತು ಮಾಡಿ, ಅಂಚಿನ ನಾರು ತೆಗೆದು, ಒಂದು ಕಣ್ಣಿಗೆ ಹತ್ತಿರ ಹಿಡಿದು ಒಳ್ಳೆಯ ಬೆಳಕಿನಲ್ಲಿರುವ ಕ್ಯಾಲೆಂಡರ್ ಓದಿ. ಇನ್ನೂ ಸಣ್ಣ ತೂತು ಬೇಡ. ಬೆಳಕು ಕಡಿಮೆಯಾಗುವುದಲ್ಲದೆ, ಅಂಚಿನಲ್ಲಿ ಬಾಗಿ ಹರಡುವ ಬೆಳಕೇ ಮಸುಕು ತರುತ್ತದೆ. ತೂತಿನಲ್ಲಿ ಸ್ಪಷ್ಟವಾದರೆ ಹೆಚ್ಚಾಗಿ ಕನ್ನಡಕದಿಂದ ಸರಿಯಾಗುವ ದೋಷ. ಆದರೆ ಪವರ್ ಸುಮಾರು 3 ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಮಾನ) ಮೀರಿದ್ದರೆ ಪಿನ್‌ಹೋಲ್ ಕೂಡ ಪೂರ್ತಿ ಸಾಲದು. ಸಣ್ಣ ತೂತುಗಳ ಕನ್ನಡಕ ಪವರ್ ಕಡಿಮೆ ಮಾಡುವುದಿಲ್ಲ. ಅದನ್ನು ಹಾಕಿಕೊಂಡು ವಾಹನ ಓಡಿಸುವುದು ಅಪಾಯ.

ತೂತಿನಲ್ಲೂ ಸುಧಾರಿಸದಿದ್ದರೆ, ಅಥವಾ ಇನ್ನಷ್ಟು ಮಸುಕಾದರೆ, ಮಸೂರದ ನಡುವಿನ ಪೊರೆ, ರೆಟಿನಾ, ದೃಷ್ಟಿನರ ಅಥವಾ ಸೋಮಾರಿ ಕಣ್ಣಿನ (ಬಾಲ್ಯದಲ್ಲಿ ದೃಷ್ಟಿ ಸರಿಯಾಗಿ ಬೆಳೆಯದ ಕಣ್ಣು) ಕಡೆಗೆ ಗಮನ ಹೋಗಬೇಕು. ಆಗ ಕನ್ನಡಕದ ಅಂಗಡಿಗೆ ಹೋದರೆ ಸಾಲದು; ನೇತ್ರತಜ್ಞರಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಪರೀಕ್ಷೆ ಮಾಡಿಸಬೇಕು. ದೃಷ್ಟಿ ಹಠಾತ್ತನೆ ಕುಸಿದಿದ್ದರೆ ಅದೇ ದಿನ ಹೋಗಿ.